ಹದಿನಾಲ್ಕನೇ ನಂಬರು

ಸೊಸೆ ಬಸ್ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿರುವ ವಿಷಯ ಆ ಮನೆಯಲ್ಲಿ ಕಟ್ಟಕಡೆಗೆ ತಿಳಿದದ್ದು ಮೇಷ್ಟ್ರಿಗೆ. ಅದೂ ಮನೆಯಲ್ಲಲ್ಲ, ಡ್ರೈವರುಗಳ ತರಬೇತಿ ಕೇಂದ್ರದಲ್ಲಿ. ಹೊಸ ತಂಡದ ಇಪ್ಪತ್ತು ಜನರ ಪಟ್ಟಿ ಓದುತ್ತ ಬಂದವರು ಹದಿನಾಲ್ಕನೇ ಸಾಲಿಗೆ ನಿಂತುಬಿಟ್ಟರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. ವಿಳಾಸ ತಮ್ಮ ಮನೆಯದೇ.

ಮೇಷ್ಟ್ರು ಒಂಬತ್ತು ವರ್ಷ ಬಸ್ಸು ಓಡಿಸಿ, ಆಮೇಲೆ ಇಪ್ಪತ್ತೇಳು ವರ್ಷ ಬಸ್ಸು ಓಡಿಸುವುದನ್ನು ಕಲಿಸಿದವರು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು. ಕಲಿಯಲು ಬಂದವರು ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸಿದರೆ "ಅದು ಕ್ಲಚ್ಚಯ್ಯಾ, ಕಾಲುಮಣೆ ಅಲ್ಲ!" ಎಂದು ಹಿಂದಿನ ಸೀಟಿನಿಂದ ಕೂಗುತ್ತಿದ್ದುದರಿಂದ ಅವರಿಗೆ ಹಾಫ್‌ಕ್ಲಚ್ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ಆ ಊರಿನ ಬಸ್ಸುಗಳನ್ನೆಲ್ಲ ಓಡಿಸುತ್ತಿದ್ದವರು ಅವರ ಶಿಷ್ಯರೇ. ಅವರು ಪಾಸು ಮಾಡಿದವರನ್ನು ಯಾರೂ ಮತ್ತೆ ಪರೀಕ್ಷಿಸುತ್ತಿರಲಿಲ್ಲ. ಫೇಲು ಮಾಡಿದವರ ಪರವಾಗಿ ಯಾರೂ ಮಾತಾಡುತ್ತಿರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಮೇಷ್ಟ್ರು ತಟ್ಟೆಗೆ ಕೈ ಹಾಕಲಿಲ್ಲ.

"ಅರ್ಜಿ ಹಾಕೋ ಮುಂಚೆ ಒಂದು ಮಾತು ಹೇಳಬಾರದಿತ್ತೇನಮ್ಮ?"

"ಹೇಳಿದ್ರೆ ಬೇಡ ಅಂತಿದ್ರಿ, ಮಾವ."

"ಅಂತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

ಮಗ ನಗಲು ಹೋಗಿ, ಅಪ್ಪನ ಮುಖ ನೋಡಿ, ಅನ್ನ ಕಲಸತೊಡಗಿದ. ಅವನಿಗೆ ವಾಹನಗಳ ಸೀಟು ಹೊಲಿಯುವ ಸಣ್ಣ ಅಂಗಡಿಯಿತ್ತು. ಅರ್ಜಿಗೆ ಫೋಟೋ ಅಂಟಿಸಿಕೊಟ್ಟವನು ಅವನೇ.

ಅತ್ತೆ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. "ನೀರಿನ ಕ್ಯಾನಿನ ಆಟೋ ಓಡಿಸ್ತಿದ್ಲು, ಮಧ್ಯಾಹ್ನ ಎರಡಕ್ಕೆಲ್ಲ ಮನೆಗೆ ಬರ್ತಿದ್ಲು. ಬಸ್ಸು ಅಂದ್ರೆ ಕೋಳಿ ಕೂಗೋ ಮುಂಚೆ ಹೋಗ್ಬೇಕು. ಒಲೆ ಮುಂದೆ ಯಾರು ನಿಲ್ತಾರೆ? ನನ್ನ ಮಂಡಿ ನಿಲ್ಲತ್ತಾ?"

"ಅತ್ತೆ, ಆರು ವರ್ಷದಿಂದ ಕ್ಯಾನ್ ಹೊತ್ತು ಮೂರು ಮೂರು ಮಹಡಿ ಹತ್ತಿದೀನಿ. ನನಗೆ ಬರೋದು ಓಡಿಸೋ ಕೆಲಸ. ಅವ್ರು ದುಡ್ಡು ಕೊಡ್ತಿರೋದು ಹೊರೋ ಕೆಲಸಕ್ಕೆ. ಇನ್ನು ಹತ್ತು ವರ್ಷ ಹೀಗೇ ಹೊತ್ರೆ ನನ್ನ ಮಂಡಿನೂ ನಿಮ್ಮ ಮಂಡಿ ಥರಾನೇ ಆಗತ್ತೆ."

ಅತ್ತೆ ಇಷ್ಟಕ್ಕೆಲ್ಲ ಬಿಡುವ ಪೈಕಿಯಲ್ಲ. "ಆಡೋರ ಬಾಯಿ ಮುಚ್ಚೋಕಾಗತ್ತಾ? ಮಾವನೇ ಮೇಷ್ಟ್ರು, ಇನ್ನೇನು, ಮನೆಯಲ್ಲೇ ಪಾಸು ಅಂತಾರೆ."

ಮೇಷ್ಟ್ರನ್ನು ಕೊರೆಯುತ್ತಿದ್ದುದೂ ಅದೇ. ಮಾರನೆಯ ದಿನ ಪ್ರಿನ್ಸಿಪಾಲರ ಬಳಿ ಹೋಗಿ ಈ ತಂಡ ತಮಗೆ ಬೇಡವೆಂದರು. ಇನ್ನೊಬ್ಬ ಮೇಷ್ಟ್ರು ಆಪರೇಷನ್ ಆಗಿ ಮಲಗಿದ್ದರು, ಬೇರೆ ಯಾರೂ ಇರಲಿಲ್ಲ. "ನಿಮ್ಮ ಮೇಲೆ ಯಾರು ರೀ ಬೆರಳು ತೋರಿಸ್ತಾರೆ?" ಎಂದು ಪ್ರಿನ್ಸಿಪಾಲರು ನಕ್ಕು ಕಳಿಸಿದರು.

ಮೇಷ್ಟ್ರು ಮನೆಗೆ ಬಂದು ಸೊಸೆಗೆ ಕಾನೂನು ಹೇಳಿದರು. "ಗೇಟಿನ ಒಳಗೆ ನಾನು ಮಾವ ಅಲ್ಲ, ನೀನು ಹದಿನಾಲ್ಕನೇ ನಂಬರು. ಗೇಟಿನ ಹೊರಗೆ ಬಸ್ಸಿನ ಸುದ್ದಿ ಇಲ್ಲ."

"ಆಗ್ಲಿ, ಮಾವ."

ಎಂಟು ವಾರದ ತರಬೇತಿ. ಮೊದಲ ವಾರ ಮೇಷ್ಟ್ರು ಯಾರನ್ನೂ ಡ್ರೈವರ್ ಸೀಟಿಗೆ ಹತ್ತಿಸಲಿಲ್ಲ. ಬೆಳಗಾದರೆ ಬಸ್ಸನ್ನು ಎರಡು ಸುತ್ತು ಬರಬೇಕು. ಒಂದೊಂದು ಚಕ್ರದ ಒಂದೊಂದು ನಟ್ಟನ್ನೂ ಮುಟ್ಟಿ ನೋಡಬೇಕು, ಕಬ್ಬಿಣದ ಸರಳಿನಿಂದ ಟಯರು ಬಡಿದು ಸದ್ದು ಕೇಳಬೇಕು, ಅಡಿಯಲ್ಲಿ ಎಣ್ಣೆ ಸೋರಿದೆಯೇ ಎಂದು ಬಗ್ಗಿ ನೋಡಬೇಕು. ಆಮೇಲೆ ಎಲ್ಲರೂ ಬಸ್ಸಿನ ನಡುವೆ ಕಣ್ಣು ಮುಚ್ಚಿಕೊಂಡು ನಿಲ್ಲಬೇಕು, ಮೇಷ್ಟ್ರು ಓಡಿಸುತ್ತಾರೆ. ಎಲ್ಲಿ ಗೇರು ಬದಲಾಯಿತು, ಎಲ್ಲಿ ಬ್ರೇಕು ಬಿತ್ತು ಎಂದು ಕಾಲಿನಿಂದಲೇ ತಿಳಿದು ಹೇಳಬೇಕು.

"ಕೂತವರಿಗೋಸ್ಕರ ಯಾರು ಬೇಕಾದ್ರೂ ಓಡಿಸ್ತಾರೆ," ಎನ್ನುತ್ತಿದ್ದರು. "ನೀವು ಓಡಿಸಬೇಕಾದ್ದು ನಿಂತವರಿಗೋಸ್ಕರ."

ಒಂಬತ್ತನೇ ನಂಬರಿನವನಿಗೆ ಇದೆಲ್ಲ ತಮಾಷೆ. ಅವನು ಹನ್ನೊಂದು ವರ್ಷ ಲಾರಿ ಓಡಿಸಿ ಬಂದ ನಲವತ್ತರ ಆಸಾಮಿ. ಎಲ್ಲರೂ ಲಾರಿಯಣ್ಣ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಬಸ್ಸು ಸಾಲು ಡ್ರಮ್ಮುಗಳ ನಡುವೆ ಹಿಮ್ಮುಖವಾಗಿ ಹೋಗುವಾಗ ಅವನ ಕೈ ನೋಡುವುದೇ ಒಂದು ಚೆಂದ. ಸೊಸೆ ಮಾತ್ರ ಮೂರನೇ ವಾರವೆಲ್ಲ ಡ್ರಮ್ಮು ಉರುಳಿಸಿದಳು.

"ಹದಿನಾಲ್ಕು! ಬಸ್ಸಿನ ಹಿಂಭಾಗ ನಿನ್ನ ಆಟೋದ ಹಿಂಭಾಗ ಅಲ್ಲ. ನೀನು ಈ ಕಡೆ ತಿರುಗಿಸಿದ್ರೆ ಅದು ಆ ಕಡೆ ಬೀಸತ್ತೆ. ಇಳಿದು ನೋಡು, ಯಾರನ್ನ ಕೊಂದೆ ಅಂತ."

ಸೊಸೆ ಇಳಿದಳು, ಡ್ರಮ್ಮು ಎತ್ತಿ ನಿಲ್ಲಿಸಿದಳು, ಮತ್ತೆ ಹತ್ತಿದಳು. ಸಂಜೆ ಅದೇ ಮಾವನಿಗೆ ಟೀ ಕೊಡುವಾಗ ಅವಳಿಗೆ ತಡೆಯಲಾಗಲಿಲ್ಲ. "ಮಾವ, ಸ್ಟೇರಿಂಗ್ ಮೊದಲೇ ತಿರುಗಿಸಬೇಕಾ, ಅಥವಾ…"

"ಟೀಗೆ ಸಕ್ಕರೆ ಕಮ್ಮಿ."

"ಅಪ್ಪ, ಒಂದು ಮಾತು ಹೇಳಿಬಿಟ್ರೆ ಏನಾಗತ್ತೆ?" ಎಂದ ಮಗ.

"ಮಿಕ್ಕ ಹತ್ತೊಂಬತ್ತು ಜನಕ್ಕೆ ಮನೇಲಿ ಟೀ ಕುಡಿಯೋ ಮೇಷ್ಟ್ರು ಇಲ್ಲ."

ಮನೆ ಬೇರೆ ರೀತಿ ನಡೆಯತೊಡಗಿತ್ತು. ಮಗ ಬೆಳಿಗ್ಗೆ ಎದ್ದು ಆರು ವರ್ಷದ ಮಗಳು ಪುಟ್ಟಿಗೆ ತಲೆ ಬಾಚುತ್ತಿದ್ದ. ಜಡೆ ಮಾತ್ರ ಸೀಟಿನ ಅಂಚಿನ ಹೊಲಿಗೆಯಷ್ಟು ಬಿಗಿ. ಪುಟ್ಟಿ ಹುಬ್ಬು ಮೇಲೇರಿಸಿಕೊಂಡೇ ಶಾಲೆಗೆ ಹೋಗುತ್ತಿದ್ದಳು. ತರಕಾರಿ ಹೆಚ್ಚುವ ಕೆಲಸ ಮೇಷ್ಟ್ರ ಪಾಲಿಗೆ ಬಂತು. ಒಂದೊಂದು ಹೋಳನ್ನೂ ಅಳತೆಗೆ ಕತ್ತರಿಸುತ್ತ ಕೂರುವ ಗಂಡನನ್ನು ನೋಡಿ ಅತ್ತೆ, "ನಿಮ್ಮ ಪಲ್ಯ ಬೇಯೋಷ್ಟರಲ್ಲಿ ಮೊಮ್ಮಗಳ ಮದುವೆ ಆಗಿರತ್ತೆ" ಎನ್ನುತ್ತಿದ್ದರು. ಕುಕ್ಕರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು, ನೋಯುವ ಮಂಡಿ ತಿಕ್ಕಿಕೊಳ್ಳುತ್ತ, ದಿನಕ್ಕೆ ಹತ್ತು ಸಲ ಸೊಸೆಯನ್ನು ಬೈಯುತ್ತಿದ್ದರು. ಆದರೆ ಅವಳ ಡಬ್ಬಿಗೆ ಮೊಟ್ಟೆ ಹಾಕುವುದನ್ನು ಒಂದು ದಿನವೂ ಮರೆಯಲಿಲ್ಲ.

ಎಂಟನೇ ವಾರದ ಕೊನೆಗೆ ರಸ್ತೆ ಪರೀಕ್ಷೆ ಬಂತು. ಒಬ್ಬರು ಓಡಿಸುವಾಗ ಉಳಿದವರು ಪ್ರಯಾಣಿಕರಾಗಿ ನಿಲ್ದಾಣಗಳಲ್ಲಿ ಇಳಿಯಬೇಕು, ಹತ್ತಬೇಕು. ಮೇಷ್ಟ್ರು ಡ್ರೈವರನ ಹಿಂದೆ ನಿಂತು ಹಾಳೆಯಲ್ಲಿ ಗುರುತು ಹಾಕುತ್ತಾರೆ. ಬೆಳಿಗ್ಗೆ ಲಾರಿಯಣ್ಣ ಓಡಿಸಿದ, ಮಧ್ಯಾಹ್ನ ಸೊಸೆಯ ಸರದಿ. ಏರು, ತಿರುವು, ಸಂತೆ ರಸ್ತೆಯ ಇಕ್ಕಟ್ಟು, ಎಲ್ಲದರಲ್ಲೂ ಬಸ್ಸು ಬೆಣ್ಣೆಯಿಂದ ಎಳೆದ ಕೂದಲಿನ ಹಾಗೆ ಹೋಯಿತು. ಮೇಷ್ಟ್ರ ಎದೆ ಒಳಗೊಳಗೇ ಉಬ್ಬಿತು. ಕೊನೆಯ ನಿಲ್ದಾಣದಲ್ಲಿ ಒಬ್ಬ ಇಳಿದ. ಸೊಸೆ ರಸ್ತೆಯ ಕಡೆಯ ಕನ್ನಡಿ ನೋಡಿದಳು, ಬ್ರೇಕು ಬಿಟ್ಟಳು, ಬಸ್ಸು ಹೊರಟಿತು. ಬಾಗಿಲ ಕಡೆಯ ಕನ್ನಡಿ ನೋಡಿರಲಿಲ್ಲ.

ಇಳಿದವನಿಗೆ ಏನೂ ಆಗಿರಲಿಲ್ಲ. ಆದರೆ ಆ ಒಂದು ತಪ್ಪಿಗೆ ಹಾಳೆಯಲ್ಲಿ ಬೇರೆಯೇ ಸಾಲಿತ್ತು. ಅಲ್ಲಿ ಗುರುತು ಬಿದ್ದರೆ ಮಿಕ್ಕ ಅಂಕಗಳನ್ನು ಕೂಡುವ ಅಗತ್ಯವೇ ಇಲ್ಲ. ಮೇಷ್ಟ್ರು ಗುರುತು ಹಾಕಿದರು. ಇಪ್ಪತ್ತರಲ್ಲಿ ಹತ್ತೊಂಬತ್ತು ಜನ ಪಾಸು, ಒಬ್ಬಳು ಫೇಲು.

ಮನೆಯಲ್ಲಿ ಈ ಸುದ್ದಿಗೆ ಕಿಡಿಕಾರಿದವರು ಅತ್ತೆ.

"ಇಪ್ಪತ್ತೇಳು ವರ್ಷ ಊರವರ ಮಕ್ಕಳಿಗೆಲ್ಲ ಪಾಸು ಹಂಚಿದ್ರಿ. ಮನೆಯವಳ ಸರದಿ ಬಂದಾಗ ಪೆನ್ನಿನಲ್ಲಿ ಇಂಕು ಮುಗಿದುಹೋಯ್ತಾ?"

"ನೀನೇ ಅಲ್ವೇನೇ, ಬಸ್ಸು ಬೇಡ ಅಂತ ಕುಣಿದವಳು?"

"ಬೇಡ ಅಂದಿದ್ದು ಹೋಗೋ ಮುಂಚೆ! ಹೋದ ಮೇಲೆ ಗೆದ್ದು ಬರಬೇಕು. ಎಂಟು ವಾರ ಈ ಮಂಡಿ ಇಟ್ಕೊಂಡು ಕುಕ್ಕರ್ ಕೂಗಿಸಿದ್ದು ಫೇಲಾಗಲಿ ಅಂತಾನಾ?"

ಮಗ ದನಿ ಎತ್ತುವವನಲ್ಲ, ಅಂದು ಎತ್ತಿದ. "ಜನ ಏನಂತಾರೋ ಅಂತ ಹೆದರಿ ಫೇಲು ಮಾಡಿದೀಯ ಅಪ್ಪ. ಪ್ರಾಮಾಣಿಕ ಅಂತ ಹೆಸರು ನಿನಗೆ, ಪೆಟ್ಟು ಅವಳಿಗೆ."

"ಕನ್ನಡಿ ನೋಡ್ಲಿಲ್ಲ ಅವಳು."

"ನೋಡ್ಲಿಲ್ಲ," ಎಂದಳು ಸೊಸೆ. ಅವಳು ಗೋಡೆಗೆ ಒರಗಿ ಕೂತಿದ್ದಳು. "ತಪ್ಪು ನಂದೇ. ಒಂದೇ ಒಂದು ಕೇಳ್ತೀನಿ ಮಾವ. ಬೇರೆ ನಂಬರು ಇದೇ ತಪ್ಪು ಮಾಡಿದ್ರೂ ಫೇಲು ಮಾಡ್ತಿದ್ರಾ?"

"ಯಾವ ನಂಬರಾದ್ರೂ ಸರಿ."

ಸೊಸೆ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು, ಎದ್ದು ಪುಟ್ಟಿಗೆ ಊಟ ಬಡಿಸಲು ಹೋದಳು.

ಆ ಮುಚ್ಚಿಕೊಂಡ ಬಾಯಿಯೇ ಮೇಷ್ಟ್ರ ನೆಮ್ಮದಿ ಕೆಡಿಸಿತು. ಎರಡು ದಿನ ತಡೆದರು. ಮೂರನೆಯ ಬೆಳಿಗ್ಗೆ ಅವಳು ಮತ್ತೆ ಕ್ಯಾನಿನ ಆಟೋ ತೊಳೆಯುತ್ತಿದ್ದಳು. ಮೇಷ್ಟ್ರು ಅಲ್ಲಿಗೇ ಹೋಗಿ ನಿಂತರು.

"ಅವತ್ತು ಏನೋ ನುಂಗಿದೆ. ಏನದು?"

"ಬಿಡಿ ಮಾವ. ಚಾಡಿ ಹೇಳೋಳು ಅನ್ನಿಸ್ಕೊಳೋದು ನನಗಿಷ್ಟ ಇಲ್ಲ."

"ನಾನೇ ಕೇಳ್ತಿದೀನಿ."

ಅವಳು ಕೈ ಒರೆಸಿಕೊಂಡಳು. "ಲಾರಿಯಣ್ಣನ ಪರೀಕ್ಷೇಲಿ ಇಳಿಯೋ ಪ್ರಯಾಣಿಕಳು ನಾನೇ ಆಗಿದ್ದೆ. ಸೇತುವೆ ನಿಲ್ದಾಣ. ಬಾಗಿಲಲ್ಲಿ ನಿಂತಾಗ ಕನ್ನಡಿಯಲ್ಲಿ ಡ್ರೈವರ್ ಮುಖ ಕಂಡ್ರೆ ಅವನಿಗೆ ನಾವು ಕಾಣ್ತೀವಿ ಅಂತ ನೀವೇ ಹೇಳಿಕೊಟ್ಟಿದ್ರಿ. ನನಗೆ ಅವರ ಮುಖ ಕಾಣ್ಲಿಲ್ಲ. ಕಿವಿ ಕಾಣಿಸ್ತು."

ಮೇಷ್ಟ್ರು ಕೇಂದ್ರಕ್ಕೆ ಹೋದವರೇ ಒಂಬತ್ತನೇ ನಂಬರಿನ ಹಾಳೆ ತೆಗೆದರು. ಸೇತುವೆ ನಿಲ್ದಾಣದ ಎದುರು ಅವರದೇ ಅಕ್ಷರದಲ್ಲಿತ್ತು: 'ಕನ್ನಡಿ ತಡವಾಗಿ ನೋಡಿದ. ಎಚ್ಚರಿಕೆ ಕೊಡಲಾಗಿದೆ.' ನೆನಪು ಮಾಡಿಕೊಂಡರು. ಆ ನಿಲ್ದಾಣದಲ್ಲಿ ಅವರ ಕಣ್ಣು ಡ್ರೈವರನ ಮೇಲಿರಲಿಲ್ಲ, ಇಳಿಯುತ್ತಿದ್ದ ಸೊಸೆಯ ಮೇಲಿತ್ತು. ಮಧ್ಯಾಹ್ನ ಇವಳು ಹೇಗೆ ಓಡಿಸುತ್ತಾಳೋ ಎಂಬ ಚಿಂತೆಯಲ್ಲಿದ್ದರು. ಲಾರಿಯಣ್ಣ ತಡವಾಗಿ ನೋಡಿದನೋ, ನೋಡಲೇ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಬರೆದಿದ್ದರು.

ಮನೆಗೆ ಬಂದು, ಪ್ರಿನ್ಸಿಪಾಲರಿಗೆ ಇದನ್ನು ಬರೆದುಕೊಡುತ್ತೇನೆ ಎಂದಾಗ ಮೊನ್ನೆ ಅವರ ಮೇಲೆ ಬಿದ್ದವರೆಲ್ಲ ಈಗ ಅವರ ಕೈ ಹಿಡಿದು ತಡೆದರು.

"ನಿವೃತ್ತಿಗೆ ಇನ್ನೆರಡು ತಿಂಗಳಿದೆ ರೀ," ಎಂದರು ಅತ್ತೆ. "ಇಷ್ಟು ವರ್ಷ ಕಾಪಾಡ್ಕೊಂಡ ಹೆಸರಿಗೆ ನೀವೇ ಮಸಿ ಬಳ್ಕೋತೀರಾ?"

"ನಂದು ಹೇಗೂ ಮೂರು ವಾರಕ್ಕೆ ಮರುಪರೀಕ್ಷೆ ಇದೆಯಲ್ಲ ಮಾವ," ಎಂದಳು ಸೊಸೆ. "ಬೇರೆ ಕೇಂದ್ರದವರು ಬಂದು ಮಾಡ್ತಾರೆ. ನಾನು ಪಾಸಾಗ್ತೀನಿ. ಲಾರಿಯಣ್ಣನಿಗೆ ಮೂರು ಜನ ಮಕ್ಕಳು."

"ಅವನ ಬಸ್ಸಿನ ಬಾಗಿಲಲ್ಲಿ ನಾಳೆ ಮೂರು ಮಕ್ಕಳ ತಾಯಿ ಇಳೀತಿರ್ತಾಳೆ," ಎಂದು ಮೇಷ್ಟ್ರು ಬಿಳಿ ಹಾಳೆ ಹುಡುಕಿದರು. "ಮಗ ಹೇಳಿದ್ದು ಸರಿ. ನಾನು ಹೆದರಿದ್ದೆ. ಆ ಹೆದರಿಕೇಲಿ ನಿನ್ನನ್ನ ನೋಡೋಕೆ ಹೋಗಿ ಅವನನ್ನ ನೋಡ್ಲಿಲ್ಲ. ಅಳತೆಗೋಲು ಹಿಡಿದೋನ ಕೈ ನಡುಗಿದೆ. ಅದನ್ನ ಬರೆಯದೆ ಇದ್ರೆ ಇಷ್ಟು ವರ್ಷ ಬರೆದಿದ್ದೆಲ್ಲ ಸುಳ್ಳಾಗತ್ತೆ."

ಅಪ್ಪನ ಮುಖವನ್ನೇ ನೋಡುತ್ತಿದ್ದ ಮಗ ಎದ್ದುಹೋಗಿ ಅಂಗಡಿಯ ಒಳ್ಳೆಯ ಪೆನ್ನು ತಂದುಕೊಟ್ಟ.

ಪ್ರಿನ್ಸಿಪಾಲರು ಎರಡು ಸಲ ಓದಿದರು. "ಮೇಷ್ಟ್ರೇ, ಇದನ್ನ ಹರಿದು ಹಾಕ್ತೀನಿ, ಮನೆಗೆ ಹೋಗಿ."

"ಹರಿದ್ರೆ ಇನ್ನೊಂದು ಬರೀತೀನಿ. ಕಾಗದಕ್ಕೇನು ಬರವಾ?"

ಮೇಷ್ಟ್ರ ಸೇವಾ ಪುಸ್ತಕದಲ್ಲಿ ಮೊದಲ ಬಾರಿಗೆ ಒಂದು ಎಚ್ಚರಿಕೆ ಬಿತ್ತು. ಒಂಬತ್ತನೇ ನಂಬರಿನ ಪಾಸು ರದ್ದಾಯಿತು. ಮೂರು ವಾರದ ನಂತರ ಇಬ್ಬರಿಗೂ ಮರುಪರೀಕ್ಷೆ.

ಮರುದಿನವೇ ಲಾರಿಯಣ್ಣ ಮನೆ ಬಾಗಿಲಿಗೆ ಬಂದ. ಚಪ್ಪಲಿಯನ್ನೂ ಬಿಡಲಿಲ್ಲ.

"ನನ್ನ ಹೆಂಡತಿ ಬೀದಿಗೆಲ್ಲ ಹೇಳ್ಕೊಂಡು ಬಂದಿದಾಳೆ, ಗಂಡನಿಗೆ ಕೆಲಸ ಆಯ್ತು ಅಂತ. ಈಗ ನಾನು ಯಾವ ಮುಖ ತೋರಿಸ್ಲಿ? ಸೊಸೆ ಬಿದ್ಲು ಅಂತ ನನ್ನನ್ನೂ ಎಳ್ಕೊಂಡು ಬೀಳಿಸಿದ್ರಾ?"

"ಕೂತ್ಕೋ."

"ಕೂರೋಕೆ ಬಂದಿಲ್ಲ."

"ಹಂಗಾದ್ರೆ ನಿಂತ್ಕೊಂಡೇ ಕೇಳು. ಅವತ್ತು ಸೇತುವೆ ಹತ್ರ ಬಾಗಿಲ ಕನ್ನಡಿ ನೋಡಿದ್ಯಾ?"

ಲಾರಿಯಣ್ಣ ಸುಳ್ಳುಗಾರನಲ್ಲ. "ಇಲ್ಲ," ಎಂದ. "ಹನ್ನೊಂದು ವರ್ಷ ನನ್ನ ಗಾಡಿಯಿಂದ ಇಳಿದಿದ್ದೆಲ್ಲ ಮೂಟೆ, ಮೇಷ್ಟ್ರೇ. ಮೂಟೆ ಕಾಲು ಜಾರತ್ತಾ? ಆ ಕಡೆ ಕತ್ತು ತಿರುಗೋದೇ ಇಲ್ಲ."

"ತಪ್ಪಲ್ಲಿ ಅರ್ಧ ನಿಂದು. ನೋಡದೆ ಬರೆದಿದ್ದು ಪೂರ್ತಿ ನಂದು. ನಿನ್ನ ಹೆಂಡತಿ ಹತ್ರ ನಾನೇ ಬಂದು ಹೇಳ್ತೀನಿ. ನಾಳೆ ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಬಾ. ಹಳೇ ಬಸ್ಸಿಗೆ ಅನುಮತಿ ತಗೊಂಡಿದೀನಿ."

ಅತ್ತೆ ಟೀ ಲೋಟವನ್ನು ಅವನ ಮುಂದೆ ಕುಕ್ಕಿದರು. "ಕುಡಿದು ಹೋಗಪ್ಪ. ಬೈಯೋದು ನಾಳೆನೂ ಬೈಬಹುದು, ಟೀ ಆರಿಹೋಗತ್ತೆ."

ಲಾರಿಯಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಅದೇ ಸಂಜೆ ಮೇಷ್ಟ್ರು ಅವನ ಮನೆಗೆ ಹೋಗಿ, ಅವನ ಹೆಂಡತಿಯ ಮುಂದೆ ನಿಂತು, ತಪ್ಪು ತಮ್ಮದೆಂದು ಹೇಳಿ ಬಂದರು.

ಬೆಳಗಿನ ಅಭ್ಯಾಸಕ್ಕೆ ಒಂದು ಕೊರತೆಯಿತ್ತು. ಓಡಿಸಲು ಇಬ್ಬರಿದ್ದರು, ಇಳಿಯಲು ಯಾರೂ ಇರಲಿಲ್ಲ. ಎರಡನೆಯ ದಿನ ಮೇಷ್ಟ್ರು ಹೊರಡುವ ಹೊತ್ತಿಗೆ ಅತ್ತೆ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಗಟ್ಟಿ ಕಾಲಿನವರು ಇಳಿದ್ರೆ ಏನು ಗೊತ್ತಾಗತ್ತೆ? ನಾನು ಇಳಿದು ತೋರಿಸ್ತೀನಿ, ನಡೀರಿ."

ಅಂದಿನಿಂದ ಆ ಮೈದಾನದಲ್ಲಿ ಅತ್ತೆಯದೇ ರಾಜ್ಯ. ಒಂದೊಂದು ಮೆಟ್ಟಿಲಿಗೂ ಒಂದೊಂದು ನಿಟ್ಟುಸಿರು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಮೆಟ್ಟಿಲ ಮೇಲೆ ಇಟ್ಟುಕೊಂಡು ಬೇಕೆಂದೇ ನಿಲ್ಲುತ್ತಿದ್ದರು. ಬಸ್ಸು ಚೂರು ಅಲುಗಿದರೂ ಸಾಕು, ಕೋಲಿನಿಂದ ತಗಡಿಗೆ ಬಾರಿಸುತ್ತಿದ್ದರು. "ಏ ಲಾರಿ! ಮೂಟೆ ಇನ್ನೂ ಇಳಿದಿಲ್ಲ ಕಣಪ್ಪ!" ಸೊಸೆಗೂ ಬಿಡುಗಡೆಯಿರಲಿಲ್ಲ. "ಕನ್ನಡಿಯಲ್ಲಿ ನಿನ್ನ ಮುಖ ಕಾಣ್ಲಿಲ್ಲ ಕಣೇ! ಅತ್ತೆ ಮುಖ ನೋಡೋಕೆ ಅಷ್ಟು ಬೇಜಾರಾ?"

ಇಬ್ಬರು ಡ್ರೈವರುಗಳ ನಡುವೆ ಒಂದು ಒಪ್ಪಂದವೂ ಆಯಿತು. ಲಾರಿಯಣ್ಣ ಅವಳಿಗೆ ಹಿಮ್ಮುಖ ಓಡಿಸುವ ಕೈಚಳಕ ಕಲಿಸಿದ. ಹಠಮಾರಿ ಮಂಡಿಯೊಂದು ಇಳಿಯಲು ಎಷ್ಟು ಹೊತ್ತು ಬೇಕೆಂದು ಅವಳು ಅವನಿಗೆ ತುಟಿಯಲ್ಲೇ ಎಣಿಸಲು ಕಲಿಸಿದಳು. ಮೇಷ್ಟ್ರು ಗೇಟಿನ ಹೊರಗಿನ ಕಾನೂನನ್ನು ತೆಗೆದುಹಾಕಿದ್ದರು. ಪರೀಕ್ಷೆ ಮಾಡುವವರು ಈಗ ತಾವಲ್ಲವಲ್ಲ. ಊಟಕ್ಕೆ ಕೂತರೆ ಬಸ್ಸಿನದೇ ಮಾತು. ತಟ್ಟೆಗಳ ನಡುವೆ ಚಮಚವನ್ನು ಓಡಿಸಿ ತಿರುವು ತೋರಿಸುವರು, ಪುಟ್ಟಿ ಲೋಟ ಅಡ್ಡ ಇಟ್ಟು "ತಾತಾ, ಬ್ರೇಕ್!" ಎಂದು ಕೂಗುವಳು. "ಅನ್ನ ತಣ್ಣಗಾಗ್ತಿದೆ, ಬಸ್ಸನ್ನ ಡಿಪೋಗೆ ಸೇರಿಸಿ," ಎಂದು ಅತ್ತೆ ಚಮಚ ಕಿತ್ತುಕೊಳ್ಳುವರು.

ಮರುಪರೀಕ್ಷೆಯ ದಿನ ಬೇರೆ ಕೇಂದ್ರದಿಂದ ಒಬ್ಬ ತೆಳ್ಳಗಿನ ಪರೀಕ್ಷಕರು ಬಂದರು. ಮೇಷ್ಟ್ರು ಬಸ್ಸಿನ ಹತ್ತಿರವೂ ಸುಳಿಯದೆ ಗೇಟಿನ ಕಾವಲುಗಾರನ ಬೆಂಚಿನ ಮೇಲೆ ಕೂತರು. ಎರಡು ಗಂಟೆ ಕಳೆದು ಬಸ್ಸು ಒಳಗೆ ಬಂತು. ಪರೀಕ್ಷಕರು ಇಳಿದು ನೇರವಾಗಿ ಅವರ ಬಳಿಗೇ ಬಂದರು.

"ಇಬ್ಬರೂ ಪಾಸು. ಅಲ್ಲ ಮೇಷ್ಟ್ರೇ, ಒಂದು ಅನುಮಾನ. ಪ್ರತಿ ನಿಲ್ದಾಣದಲ್ಲೂ ಇಬ್ಬರೂ ಬಾಗಿಲ ಕಡೆ ನೋಡಿಕೊಂಡು ಏನೋ ಎಣಿಸ್ತಾರಲ್ಲ, ಅದು ಯಾರು ಕಲಿಸಿದ್ದು? ನಮ್ಮ ಕೇಂದ್ರದಲ್ಲೂ ಶುರು ಮಾಡಬೇಕು."

"ನನ್ನ ಹೆಂಡತಿ," ಎಂದರು ಮೇಷ್ಟ್ರು. ಅಷ್ಟು ಗಟ್ಟಿಯಾಗಿ ಅವರು ಹಿಂದಿನ ಸೀಟಿನಿಂದ ಕ್ಲಚ್ಚಿನ ವಿಷಯ ಮಾತ್ರ ಹೇಳುತ್ತಿದ್ದುದು.

ಸೊಸೆ ಬಸ್ಸಿನಿಂದಿಳಿದು ಬಂದವಳು ಗೇಟಿನ ಗೆರೆ ದಾಟಿ ಹೊರಗೆ ನಿಂತಳು. "ಮಾವ," ಎಂದಳು. ಮೇಷ್ಟ್ರು ಬೆಂಚಿನಿಂದ ಎದ್ದರು. "ನಡಿ, ಹಸಿವಾಗಿರತ್ತೆ," ಎಂದು ಅವಳ ಡಬ್ಬಿಯ ಚೀಲವನ್ನು ತಾವೇ ಎತ್ತಿಕೊಂಡು ಹೊರಟರು.

ಹತ್ತು ದಿನಕ್ಕೆ ಕೆಲಸದ ಆದೇಶ ಬಂತು. ಲಾರಿಯಣ್ಣನಿಗೆ ಆಸ್ಪತ್ರೆಯ ಮಾರ್ಗ ಸಿಕ್ಕಿತು. ಮುದುಕರೇ ಹತ್ತಿ ಇಳಿಯುವ ಬಸ್ಸು ಅವನಿಗೇ ಸರಿ ಎಂದು ಮೇಷ್ಟ್ರು ಶಿಫಾರಸು ಬರೆದಿದ್ದರಂತೆ. ಸೊಸೆಯ ಬಸ್ಸು ಅವರ ಬೀದಿಯ ತುದಿಯಿಂದಲೇ ಹಾದುಹೋಗುವ ಮಾರ್ಗದ್ದು. ಮೊದಲ ದಿನ ಅವಳು ಕತ್ತಲಿರುವಾಗಲೇ ಯೂನಿಫಾರ್ಮ್ ತೊಟ್ಟು ಹೊರಟಳು. ಅಂಗಿಯ ತೋಳಿಗೆ ಮಗ ಎರಡು ಸಾಲು ಹೊಲಿಗೆ ಹೆಚ್ಚಿಗೆ ಹಾಕಿದ್ದ. "ಸ್ಟೇರಿಂಗ್ ತಿರುಗಿಸುವಾಗ ಕಂಕುಳಲ್ಲಿ ಬಿಡಬಾರದು ನೋಡು," ಎಂದ.

ಏಳೂಕಾಲಿಗೆ ಬಸ್ಸು ಬೀದಿ ತುದಿಗೆ ಬರುತ್ತದೆ. ಅತ್ತೆ ಅದರಲ್ಲಿ ಒಂದು ಸುತ್ತು ಹೋಗಿಬರುವುದೆಂದು ಹಿಂದಿನ ದಿನವೇ ನಿಶ್ಚಯಿಸಿ, ಎದುರು ಮನೆ, ಪಕ್ಕದ ಮನೆ, ಹಾಲಿನವನು, ಎಲ್ಲರಿಗೂ ಹೇಳಿದ್ದರು. ಎತ್ತಿಟ್ಟಿದ್ದ ಒಳ್ಳೆಯ ಬಟ್ಟೆ ಉಟ್ಟು, ಎರಡು ಸಲ ತಲೆ ಬಾಚಿ, ಕೋಲು ಹುಡುಕುವಷ್ಟರಲ್ಲಿ ಏಳು ಹದಿನಾಲ್ಕಾಯಿತು. ನಿಲ್ದಾಣಕ್ಕೆ ಇನ್ನೂ ಮೂವತ್ತು ಹೆಜ್ಜೆಯಿರುವಾಗ ಬಸ್ಸು ಬಂತು, ನಿಂತಿತು, ನಾಲ್ಕು ಜನ ಹತ್ತಿದರು, ಬಾಗಿಲು ಮುಚ್ಚಿತು, ಹೊರಟಿತು. ಅತ್ತೆ ಕೋಲು ಎತ್ತಿ ಬೀಸಿದರು. ಬಸ್ಸು ಅವರ ಪಕ್ಕದಲ್ಲೇ, ಒಂದಿಷ್ಟೂ ತಡೆಯದೆ, ಮೆಲ್ಲಗೆ, ಮೃದುವಾಗಿ ದಾಟಿಹೋಯಿತು.

ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ ಸುಮ್ಮನಿರಲಿಲ್ಲ.

"ನೋಡಿದ್ರಾ?" ಎಂದರು ಎದುರು ಮನೆಯಾಕೆಗೆ. "ನನ್ನನ್ನೇ ಬಿಟ್ಟು ಹೋದ್ಲು! ಸ್ವಂತ ಅತ್ತೆ ಓಡೋಡಿ ಬರ್ತಿದೀನಿ, ನಿಲ್ಲಿಸ್ಲಿಲ್ಲ!"

"ಅಯ್ಯೋ, ಕಾಣ್ಲಿಲ್ವೇನೋ ಪಾಪ," ಎಂದಳು ಆಕೆ.

"ಕಾಣ್ದೆ ಏನು? ಚೆನ್ನಾಗಿ ಕಂಡೆ! ನೋಡಿದ್ಲು, ತಲೆನೂ ಆಡಿಸಿದ್ಲು. ನಿಲ್ದಾಣ ಬಿಟ್ಟು ನಡು ರಸ್ತೆಯಲ್ಲಿ ನಿಲ್ಲಿಸೋ ಹಾಗಿಲ್ಲ ರೀ. ಅತ್ತೆ ಆದ್ರೇನು, ಅವರಪ್ಪ ಆದ್ರೇನು, ಎಲ್ಲರಿಗೂ ಒಂದೇ. ನಮ್ಮ ಮನೆಯ ಡ್ರೈವರು ಅಂದ್ರೆ ಹಾಗೆ!"

ಬಾಗಿಲಲ್ಲಿ ಈಳಿಗೆ ಇಟ್ಟುಕೊಂಡು ಕೂತಿದ್ದ ಮೇಷ್ಟ್ರಿಗೂ ಅದೇ ಕಥೆ, ಇನ್ನಷ್ಟು ಉದ್ದವಾಗಿ. ಅವರು ನಗು ತಡೆದುಕೊಂಡು ಕೇಳಿದರು. "ಬಸ್ಸು ಹೊರಟಾಗ ನಿಂತವರು ಅಲ್ಲಾಡಿದ್ರೇನೇ?"

"ಒಬ್ಬರೂ ಅಲ್ಲಾಡ್ಲಿಲ್ಲ. ಕಿಟಕಿಯಲ್ಲಿ ನೋಡಿದೆನಲ್ಲ." ಅತ್ತೆ ಕೋಲು ಮೂಲೆಗಿಟ್ಟು, ಒಳ್ಳೆಯ ಬಟ್ಟೆಯ ಮಡಿಕೆ ಕೆಡದ ಹಾಗೆ ನಿಧಾನಕ್ಕೆ ಕುರ್ಚಿಯಲ್ಲಿ ಕೂತರು. "ತರಕಾರಿ ಇಲ್ಲಿ ಕೊಡಿ, ನಾನು ಹೆಚ್ತೀನಿ. ಇದನ್ನೇನೂ ಬಿಚ್ಚಲ್ಲ ನಾನು. ಎಂಟೂಮುಕ್ಕಾಲಿಗೆ ವಾಪಸ್ ಬರ್ತಾಳಲ್ಲ, ಎಂಟೂವರೆಗೇ ಹೋಗಿ ನಿಲ್ತೀನಿ."